ಮೌಶಿಯ ಮೇಣದಬತ್ತಿ, ಪೀಟರನ ಚೈನು

ಕಾಪುವಿನ ದೀಪಸ್ತಂಭದಿಂದ ಕಾರ್ಕಳದ ಆನೆಕೆರೆಗೆ ಹೋಗಿ ಬರುವ ದಾರಿಯುದ್ದಕ್ಕೂ ಪೀಟರನ ಸೈಕಲಿನ ಸದ್ದಿಗೆ ಒಂದೇ ಒಂದು ನಾಯಿಯೂ ಕಣ್ಣು ಬಿಡಲಿಲ್ಲ. ಶಿರ್ವದಲ್ಲಿ ರಸ್ತೆಗೆ ಅಡ್ಡ ಮಲಗಿದ್ದ ಎಮ್ಮೆಯ ಬೆನ್ನಿನ ಮೇಲೆ ಕೂತಿದ್ದ ಕೊಕ್ಕರೆಯ ರೆಕ್ಕೆಯನ್ನು ಸವರಿಕೊಂಡೇ ಸೈಕಲ್ ಹೋಯಿತು; ಕೊಕ್ಕರೆ ಆಕಳಿಸಿತು, ಅಷ್ಟೇ. ಬೆಳ್ಮಣ್ಣಿನ ಏರಿನಲ್ಲಿ ತಾನೇ ಹೆಚ್ಚು ಸದ್ದು ಮಾಡುತ್ತಿದ್ದೇನೆಂದು ಗಾಳಿಗೆ ನಾಚಿಕೆಯಾಗಿ ಬೀಸುವುದನ್ನು ನಿಲ್ಲಿಸಿತು. ಚೈನು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಕೆಳಗೆ ಸೈಕಲ್ ಇದೆಯೋ ಅಥವಾ ತಾನು ಬರೀ ಗಾಳಿಯಲ್ಲಿ ಕಾಲು ಆಡಿಸುತ್ತಿದ್ದೇನೋ ಎಂದು ಪೀಟರ್ ಆಗಾಗ ಬಗ್ಗಿ ನೋಡಿಕೊಳ್ಳಬೇಕಾಯಿತು.

ಸಾಕ್ಷಿ ಯಾರು ಎಂದು ಕೇಳುವ ಸಂಶಯಪಿಶಾಚಿಗಳಿಗೆ ಉತ್ತರ ಸರಳ: ಸಾಕ್ಷಿ ಪೀಟರನೇ. ಕಾಪು ಪೇಟೆಯಲ್ಲಿ ಕೊಡೆ, ರೈನ್‌ಕೋಟು, ಶಾಲೆಯ ಚೀಲ ಮಾರುವ ಅಂಗಡಿ ಅವನದು. ಮಳೆಗಾಲದಲ್ಲಿ ವ್ಯಾಪಾರ, ಉಳಿದ ಕಾಲದಲ್ಲಿ ಮಾತು. ಅವನ ಬಾಯಿಂದ ಹೊರಟಾಗ ಈ ಕತೆಯಲ್ಲಿ ನಾಯಿಗಳು ಮಾತ್ರ ಇದ್ದವು. ಎಮ್ಮೆ, ಕೊಕ್ಕರೆ ಮತ್ತು ಗಾಳಿಯನ್ನು ಊರಿನ ಮರ್ಯಾದೆಗೆಂದು ಆಮೇಲೆ ಸೇರಿಸಿದ್ದು.

ಪೀಟರ್ ಸೈಕಲ್ ಹತ್ತಿದ್ದು ಆಸೆಯಿಂದಲ್ಲ. ಮಣಿಪಾಲದ ಡಾಕ್ಟರರೊಬ್ಬರು ಅವನ ರಕ್ತದ ವರದಿಯನ್ನು ಬೆಳಕಿಗೆ ಹಿಡಿದು, ಉಸಿರು ಬಿಟ್ಟು, "ಸೈಕಲ್ ತಗೊಳ್ಳಿ" ಎಂದಿದ್ದರು. ಅವನು ಗೇರಿನ ಸೈಕಲನ್ನೇ ತೆಗೆದುಕೊಂಡ. ಗೇರುಗಳು ಬೇಕಾದಷ್ಟಿದ್ದರೂ ಪೀಟರನಿಗೆ ಗೊತ್ತಿದ್ದದ್ದು ಎರಡೇ: ಹತ್ತುವುದು, ಇಳಿಯುವುದು. ಚೈನು ಕಿರ್ ಎಂದಾಗಲೆಲ್ಲ ಅಡುಗೆಮನೆಯ ತೆಂಗಿನೆಣ್ಣೆ ಸುರಿಯುತ್ತಿದ್ದ. ಕಾಪುವಿನ ಕಡಲ ಮರಳಿಗೂ ತೆಂಗಿನೆಣ್ಣೆಗೂ ಸ್ನೇಹ ಬೆಳೆದು ಆ ಚೈನು ಯಾವ ಲೋಹದ್ದೆಂದು ಹೇಳಲಾಗದ ಸ್ಥಿತಿಗೆ ಬಂದಿತ್ತು. ಪೀಟರನ ಪ್ಯಾಂಟುಗಳಿಗೆಲ್ಲ ಎಡಗಾಲು ಬಿಳಿ, ಬಲಗಾಲು ಕಪ್ಪು.

ಒಂದು ಭಾನುವಾರ ಬೀಚಿನ ಹತ್ತಿರದ ಚಹಾದ ಅಂಗಡಿಯಲ್ಲಿ ಪ್ರಖ್ಯಾತ್ ಸಿಕ್ಕಿದ. ಪೀಟರನ ಪಕ್ಕದ ಮನೆಯ ಅಕ್ಕುವಿನ ತಂಗಿಯ ಮಗ. ಮಣಿಪಾಲದಲ್ಲಿ ಹಲ್ಲಿನ ಡಾಕ್ಟರ್. ಅಲ್ಲಿನ ಸೈಕಲ್ ಸವಾರರ ಬಳಗಕ್ಕೆ ಅವನೇ ಮುಂದಾಳು. ಅವನ ಸೈಕಲಿನ ಚೈನು ಮದುಮಗಳ ಕತ್ತಿನ ಸರದಂತೆ ಹೊಳೆಯುತ್ತಿತ್ತು.

"ಯಾವ ಎಣ್ಣೆ ಮಾರಾಯ ಇದು?" ಎಂದು ಪೀಟರ್ ಕೇಳಿದ.

"ಎಣ್ಣೆ ಬಿಟ್ಟಿದ್ದೇವೆ ಅಂಕಲ್. ಈಗೆಲ್ಲ ಮೇಣ. ಮೇಣ ಕರಗಿಸಿ ಚೈನನ್ನೇ ಅದರಲ್ಲಿ ಮುಳುಗಿಸುವುದು. ಧೂಳು ಹಿಡಿಯುವುದಿಲ್ಲ, ಕೈ ಕಪ್ಪಾಗುವುದಿಲ್ಲ, ಸದ್ದೇ ಇಲ್ಲ."

ಸಾಧಾರಣ ಮನುಷ್ಯನಾದರೆ ಇಲ್ಲಿ "ಹೌದಾ?" ಎಂದು ಚಹಾ ಮುಗಿಸಿ ಮನೆಗೆ ಹೋಗುತ್ತಾನೆ. ಪೀಟರ್ ಗ್ಲಾಸು ಕೆಳಗಿಟ್ಟು, ಸಮುದ್ರದ ಕಡೆ ನೋಡಿ, "ನಿಮಗೆ ಈಗ ಗೊತ್ತಾದದ್ದಾ? ನಾನು ಮೂರು ವರ್ಷದಿಂದ ಅದನ್ನೇ ಮಾಡುವುದಲ್ವಾ" ಎಂದ. ಸೈಕಲ್ ಬಂದು ವರ್ಷವೂ ಆಗಿರಲಿಲ್ಲ.

"ಹೌದಾ ಅಂಕಲ್! ಮತ್ತೆ ನಿಮ್ಮ ಪ್ಯಾಂಟಿನ ಬಲಗಾಲು...?"

"ಅದು ಮ್ಯಾಗ್ಡಲಿನಳ ಸೈಕಲ್ ತಾಗಿದ್ದು."

ಪೀಟರನ ಹೆಂಡತಿ ಮ್ಯಾಗ್ಡಲಿನ್ ಜನ್ಮದಲ್ಲಿ ಸೈಕಲ್ ಹತ್ತಿದವಳಲ್ಲ. ಆದರೆ ದಿನಕ್ಕೆರಡು ಸಲ ತಪ್ಪದೆ ಹಲ್ಲುಜ್ಜುತ್ತೇವೆ ಎಂಬ ಮಾತನ್ನು ಬೆಳಗಿನಿಂದ ಸಂಜೆಯವರೆಗೆ ಕೇಳುವ ಪ್ರಖ್ಯಾತನಿಗೆ ಎದುರಿದ್ದವರನ್ನು ನಂಬುವುದು ಅಭ್ಯಾಸವಾಗಿ ಹೋಗಿತ್ತು. ಅವನು ಎದ್ದು ನಿಂತು ಪೀಟರನ ಕೈ ಹಿಡಿದುಕೊಂಡ. ಮುಂದಿನ ಭಾನುವಾರ ಬಳಗದವರೆಲ್ಲ ದೀಪಸ್ತಂಭದಿಂದ ಕಾರ್ಕಳಕ್ಕೆ ಹೊರಡುವವರು. ಹೊರಡುವ ಮೊದಲು ಪೀಟರ್ ಅಂಕಲ್ ಮೇಣದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಬಿಳಿ ಕರವಸ್ತ್ರದಿಂದ ಅವರ ಚೈನು ಒರೆಸಿ ಎಲ್ಲರಿಗೂ ತೋರಿಸಲಿಕ್ಕುಂಟು.

ಅಂದು ಸಂಜೆಯೇ ಎಲ್ಲರ ಮೊಬೈಲಿಗೂ ಒಂದು ಚಿತ್ರ ಬಂತು. ಬಿಡಿಸಿದ ಕೊಡೆಯ ಕೆಳಗೆ ಪೀಟರನ ಮುಖ, ಅದರ ಕೆಳಗೆ ಅಕ್ಷರ: "ಮೂರು ವರ್ಷಗಳ ಅನುಭವಿ, ಮೇಣತಜ್ಞ ಶ್ರೀ ಪೀಟರ್." ಊರಿನಲ್ಲಿ ಪೀಟರನನ್ನು ಯಾರೂ ಯಾವುದರಲ್ಲೂ ತಜ್ಞ ಎಂದು ಕರೆದದ್ದಿಲ್ಲ. ಅವನು ಆ ಚಿತ್ರವನ್ನು ಮಲಗುವ ಮುಂಚೆಯೂ ಎದ್ದ ಮೇಲೂ ನೋಡಿದ. ಈ ಪದವಿ ಉಳಿಯಬೇಕಾದರೆ ಭಾನುವಾರದೊಳಗೆ ಆ ಕಪ್ಪು ಚೈನಿಗೆ ಮೇಣ ಹತ್ತಲೇಬೇಕಿತ್ತು.

ಹಾಗೆ ಶನಿವಾರ ಮಧ್ಯಾಹ್ನ ಬಂತು. ಮ್ಯಾಗ್ಡಲಿನ್ ಬಟ್ಟೆ ತರಲು ಉಡುಪಿಗೆ ಹೋಗಿದ್ದಳು. ಮನೆಯಲ್ಲಿದ್ದ ಇನ್ನೊಂದು ಜೀವವೆಂದರೆ ಅಪೊಲೋನಿಯಾ ಮೌಶಿ, ಪೀಟರನ ತಾಯಿಯ ಅಕ್ಕ. ಅವಳು ಊಟ ಮಾಡಿ ಮಲಗಿದ್ದಳು. ಪೀಟರ್ ಮೇಣ ಹುಡುಕಿ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿ ಬಂದಿದ್ದ. ಸಿಕ್ಕಿದ್ದೆಲ್ಲ ಹುಟ್ಟುಹಬ್ಬದ ಕೇಕಿಗೆ ಚುಚ್ಚುವ ಬಣ್ಣದ ಕಡ್ಡಿಗಳು, ಇಲ್ಲವೆ ಗುಲಾಬಿಯ ಪರಿಮಳದವು. ಮೊಬೈಲಿನ ವಿಡಿಯೊದವನು ಬಿಳಿ ಮೇಣವೇ ಆಗಬೇಕು, ಬಣ್ಣ ಪರಿಮಳ ಕೂಡದು ಎಂದು ಬೆರಳೆತ್ತಿ ಹೇಳಿದ್ದ.

ಬಿಳಿ ಮೇಣ ಮನೆಯಲ್ಲೇ ಇತ್ತು. ದೇವರ ಪೀಠದ ಕೆಳಗಿನ ಡ್ರಾವರಿನಲ್ಲಿ. ಫೆಬ್ರವರಿಯ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತರುವ ಮೇಣದಬತ್ತಿಗಳನ್ನು ಮೌಶಿ ವರ್ಷವರ್ಷವೂ ಅಲ್ಲಿ ಕೂಡಿಡುತ್ತಿದ್ದಳು. ಗುಡುಗು ಸಿಡಿಲು ಬಂದಾಗ ಹಚ್ಚಲು ಕೆಲವು. ಎಲ್ಲಕ್ಕಿಂತ ದಪ್ಪದ ಒಂದಕ್ಕೆ ನೀಲಿ ರಿಬ್ಬನ್ ಕಟ್ಟಿದ್ದಳು. ಅದು ಅವಳ ಕೊನೆಯ ಗಳಿಗೆಯಲ್ಲಿ ಕೈಗೆ ಕೊಡಬೇಕಾದದ್ದು. "ನನಗೆ ಹೋಗುವ ಹೊತ್ತು ಬಂದಾಗ ಹುಡುಕಾಡಬೇಡಿ, ಡ್ರಾವರಿನ ಎಡಗಡೆ ಉಂಟು" ಎಂದು ಅವಳು ಮನೆಯವರಿಗೆ, ನೆರೆಯವರಿಗೆ, ಒಮ್ಮೆ ಗ್ಯಾಸ್ ತಂದವನಿಗೂ ಹೇಳಿದ್ದಳು.

ಪೀಟರ್ ಮೊದಲು ಸಿಡಿಲಿನ ಬತ್ತಿಗಳನ್ನು ತೆಗೆದ. ಪಾತ್ರೆಯ ತಳ ಮಾತ್ರ ಮುಚ್ಚಿತು. ರಿಬ್ಬನಿನ ಬತ್ತಿಯನ್ನು ನೋಡಿದ. ಮೌಶಿಯ ಗೊರಕೆ ಕೇಳುತ್ತಿತ್ತು. ಅಂಥ ಗೊರಕೆಯವರಿಗೆ ಈ ಬತ್ತಿ ಇನ್ನು ಹತ್ತು ವರ್ಷ ಬೇಡ. ಅಷ್ಟರಲ್ಲಿ ಬೇರೆ ತಂದಿಟ್ಟರಾಯಿತು. ರಿಬ್ಬನ್ ಬಿಚ್ಚಿ ಕಿಸೆಗೆ ಹಾಕಿಕೊಂಡ.

ಇಡ್ಲಿಯಂಥ ಸಾನ್ನಾ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮ್ಯಾಗ್ಡಲಿನ್ ಬಂಗುಡೆ ಮೀನಿನ ಸಾರು ಮಾಡುವ ಪಾತ್ರೆ, ಅದರೊಳಗೆ ಮೇಣ. ಇಷ್ಟನ್ನೂ ಹಿತ್ತಿಲಿನ ಬಚ್ಚಲಿನ ಒಲೆಯ ಮೇಲಿಟ್ಟು ಚೈನನ್ನು ಕಳಚಿ ಇಳಿಬಿಟ್ಟ. ಚೈನಿನಿಂದ ಗುಳುಗುಳು ಗುಳ್ಳೆ ಎದ್ದಿತು. ಆಶೀರ್ವಾದದ ಮೇಣದ ವಾಸನೆ, ಹಳೆಯ ಬಂಗುಡೆಯ ವಾಸನೆ, ಕಮಟಿದ ತೆಂಗಿನೆಣ್ಣೆಯ ವಾಸನೆ ಮೂರೂ ಕೈಕೈ ಹಿಡಿದುಕೊಂಡು ಮನೆಯೊಳಗೆ ನಡೆದು ಮೌಶಿಯ ಮೂಗಿನ ಬುಡಕ್ಕೆ ಬಂದು ನಿಂತವು.

ಮೌಶಿಗೆ ಎಚ್ಚರವಾಯಿತು. ಗುಡುಗಿಲ್ಲ, ಮಳೆಯಿಲ್ಲ, ಬಿಸಿಲು ಸುರಿಯುತ್ತಿದೆ. ಮತ್ತೆ ಮೇಣದಬತ್ತಿ ಉರಿಸಿದವರು ಯಾರು? ಎದ್ದು ಡ್ರಾವರ್ ಎಳೆದಳು. ಬರಿದು. ಎಡಗಡೆ ಕೈಯಾಡಿಸಿದಳು. ಅಲ್ಲಿಯೂ ಬರಿದು.

ಕಳ್ಳರು ಎಂದು ಅವಳಿಗೆ ಅನಿಸಲಿಲ್ಲ. ಮೇಣದಬತ್ತಿ ಕದಿಯುವ ಕಳ್ಳ ಎಲ್ಲಿಯಾದರೂ ಉಂಟೆ? ಹೋದ ವಾರ ಡಾಕ್ಟರು ತನ್ನ ಎದೆಗೆ ಯಂತ್ರವಿಟ್ಟು ನೋಡಿ, "ಚೆನ್ನಾಗಿದ್ದೀರಿ ಅಜ್ಜಿ" ಎಂದು ನಕ್ಕದ್ದು, ಆಮೇಲೆ ಪೀಟರನನ್ನು ಹೊರಗೆ ಕರೆದು ಮಾತಾಡಿದ್ದು ಅವಳಿಗೆ ನೆನಪಾಯಿತು. ಡಾಕ್ಟರು ಕೇಳಿದ್ದು ಒಂದು ರೈನ್‌ಕೋಟಿನ ವಿಷಯವಾಗಿತ್ತು. ಆದರೆ ಮೌಶಿಗೆ ಎಲ್ಲವೂ ಸ್ಪಷ್ಟವಾಯಿತು: ತನ್ನ ಹೊತ್ತು ಬಂದಿದೆ, ಬತ್ತಿ ಹೊರಗೆ ತೆಗೆದಾಗಿದೆ, ತನಗೆ ಮಾತ್ರ ಹೇಳಿಲ್ಲ.

ಬೇರೆಯವರಾದರೆ ಅಳುತ್ತಿದ್ದರು. ಮೌಶಿ ಸಿಟ್ಟುಗೊಂಡಳು. ಟ್ರಂಕಿನಿಂದ ತನ್ನ ಮದುವೆಯ ಕೆಂಪು ಸೀರೆ ತೆಗೆದು ಉಟ್ಟಳು, ತಲೆ ಬಾಚಿದಳು, ಜಪಸರ ಕೈಗೆ ಸುತ್ತಿಕೊಂಡಳು, ಕ್ರಿಸ್ಮಸಿಗೆಂದು ಮಂಚದಡಿ ಅಡಗಿಸಿಟ್ಟಿದ್ದ ದ್ರಾಕ್ಷಿ ವೈನಿನಲ್ಲಿ ಒಂದು ಗ್ಲಾಸು ಕುಡಿದಳು. ಉಳಿಸಿ ಹೋಗುವುದು ಯಾರಿಗೆ? ಆಮೇಲೆ ಕಿಟಕಿಯಿಂದ ಕಂಪೌಂಡಿನಾಚೆ ಕೂಗಿದಳು.

"ಅಕ್ಕೂ! ಓ ಅಕ್ಕೂ!"

ಹಪ್ಪಳ ಒಣಗಿಸುತ್ತಿದ್ದ ಅಕ್ಕು ತಲೆಯೆತ್ತಿದಳು. "ಎಂತ ಬಾಯಮ್ಮ? ಹೊಸ ಸೀರೆಯಾ? ಮದುವೆ ಉಂಟಾ?"

"ಮದುವೆ ಅಲ್ಲ ಮಾರಾಯ್ತಿ, ನಾನು ಸಾಯುವುದು. ನಮ್ಮ ಪಾದ್ರಿಗೆ ಒಂದು ಫೋನ್ ಮಾಡು. ಇಲ್ಲಿ ಯಾರಿಗೂ ನನ್ನ ಕಡೆ ನೋಡ್ಲಿಕ್ಕೆ ಪುರುಸೊತ್ತಿಲ್ಲ."

ಅಕ್ಕು ಗಾಳಿಯನ್ನು ಮೂಸಿದಳು. ಮೇಣದಬತ್ತಿಯ ವಾಸನೆ ಹೌದು. ಹಪ್ಪಳಗಳನ್ನು ಕಾಗೆಗಳಿಗೆ ಬಿಟ್ಟು ಫೋನು ಹಿಡಿದಳು. ಮೊದಲು ಇಗರ್ಜಿಗೆ ಮಾಡಿದಳು. ಎರಡನೆಯದು ಆ ಕಡೆಯ ಕ್ರೈಸ್ತ ಮನೆಗಳ ಸುಖದುಃಖಕ್ಕೆ ಮೊದಲು ಓಡಿ ಬರುವ ಗುರ್ಕಾರ ಆಂಟನಿಗೆ. ಮೂರನೆಯದು ಪ್ರಖ್ಯಾತನಿಗೆ.

"ದೊಡ್ಡಮ್ಮ, ನಾನು ಹಲ್ಲಿನ ಡಾಕ್ಟರ್!"

"ಡಾಕ್ಟರ್ ಡಾಕ್ಟರೇ ಅಲ್ವಾ? ಅವರಿಗೆ ಹಲ್ಲು ಕೂಡ ಇಲ್ಲ, ನಿನಗೆ ಕೆಲಸ ಸುಲಭ. ಬಾ ಬೇಗ!"

ಶಾಮಿಯಾನದ ಭುಜಂಗನಿಗೆ ಯಾರೂ ಫೋನು ಮಾಡಲಿಲ್ಲ. ಭುಜಂಗನಿಗೆ ಫೋನು ಬೇಕಾಗಿಯೂ ಇರಲಿಲ್ಲ. ಊರಿನ ಯಾವ ಸಾವೂ ಅವನಿಗಿಂತ ಮುಂಚೆ ಮನೆ ತಲುಪಿದ್ದಿಲ್ಲ. ನೋಡುತ್ತಿದ್ದಂತೆ ಅವನ ಟೆಂಪೊ ಗೇಟಿನ ಮುಂದೆ ನಿಂತು ಪ್ಲಾಸ್ಟಿಕ್ ಕುರ್ಚಿಗಳು ಇಳಿಯತೊಡಗಿದವು.

ಹಿತ್ತಿಲಿನಲ್ಲಿ ಪೀಟರ್ ಬೆವರಿಳಿಸುತ್ತಾ ಪಾತ್ರೆಯೊಳಗೆ ಚೈನನ್ನು ಅಲ್ಲಾಡಿಸುತ್ತಿದ್ದ. ಅಂಗಳದಲ್ಲಿ ಗುಜುಗುಜು ಕೇಳಿ ತಲೆಯೆತ್ತಿದರೆ ಆಂಟನಿ, ಅವನ ಹಿಂದೆ ತಲೆಗೆ ಸೆರಗು ಹೊದ್ದ ಹೆಂಗಸರು, ಬದಿಯಲ್ಲಿ ಭುಜಂಗ. ಎಲ್ಲರ ಮುಖದಲ್ಲೂ ಗಾಂಭೀರ್ಯ. ಪೀಟರನ ಎದೆ ಉಬ್ಬಿತು. ಮೊಬೈಲಿನ ಚಿತ್ರ ಕೆಲಸ ಮಾಡಿದೆ! ಭಾನುವಾರದವರೆಗೆ ಕಾಯಲಾರದೆ ಜನ ಇಂದೇ ನೋಡಲು ಬಂದಿದ್ದಾರೆ, ಕುರ್ಚಿಗಳನ್ನು ಕೂಡ ತಂದುಕೊಂಡು!

"ಬನ್ನಿ, ಬನ್ನಿ! ಕೂತುಕೊಳ್ಳಿ. ಹತ್ತಿರ ಬರಬೇಡಿ, ಬಿಸಿ ಉಂಟು" ಎಂದ.

ಆಂಟನಿ ಟೋಪಿ ತೆಗೆದು ತಗ್ಗಿದ ದನಿಯಲ್ಲಿ, "ಹೇಗುಂಟು ಪೀಟರ್?" ಎಂದ.

"ಫಸ್ಟ್ ಕ್ಲಾಸ್! ಸ್ವಲ್ಪ ಗುಳ್ಳೆ ಬರ್ತಾ ಉಂಟು. ಅದು ನಿಂತರೆ ಮುಗಿಯಿತು. ಆಮೇಲೆ ಎತ್ತಿ ತಂತಿಗೆ ನೇತು ಹಾಕುವುದು."

ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ದುಃಖದಲ್ಲಿ ಕೆಲವರಿಗೆ ಬುದ್ಧಿ ಹೀಗೆ ಆಚೀಚೆಯಾಗುವುದನ್ನು ಆಂಟನಿ ಕಂಡವನೇ. ಅವನು ಪೀಟರನ ಬೆನ್ನು ತಟ್ಟಿ, "ಧೈರ್ಯ ತಗೋ" ಎಂದ.

"ಧೈರ್ಯ ಎಂತದಕ್ಕೆ? ಮೂರು ವರ್ಷದಿಂದ ಮಾಡುತ್ತಿದ್ದೇನೆ" ಎಂದ ಪೀಟರ್.

ಭುಜಂಗ ಮೆಲ್ಲಗೆ ಬಾಗಿ ಕೇಳಿದ. "ಪೀಟರ್ ಪೊರ್ಬುಗಳೇ, ಕುರ್ಚಿ ಐವತ್ತು ಸಾಕಾ? ನಾಳೆ ಕಾರ್ಕಳದಲ್ಲಿ ಮದುವೆ ಉಂಟು, ಅಷ್ಟರೊಳಗೆ ಬೇಕಾಗಿತ್ತು."

"ಐವತ್ತಾ? ನಾಳೆ ಬೀಚಿಗೂ ತಂದುಬಿಡು ಮಾರಾಯ, ಅಲ್ಲಿ ಇನ್ನೂ ಜನ ಸೇರುತ್ತಾರೆ."

ಬೀಚಿನಲ್ಲಿ ಶವಸಂಸ್ಕಾರ ಮಾಡುವ ಕ್ರೈಸ್ತರನ್ನು ಭುಜಂಗ ಇದುವರೆಗೆ ಕಂಡಿರಲಿಲ್ಲ. ಆದರೂ ತಲೆಯಾಡಿಸಿದ.

ಅಷ್ಟರಲ್ಲಿ ಫಾದರ್ ಲೂಯಿಸರ ಸ್ಕೂಟರ್ ಬಂತು. ಅದರ ಹಿಂದೆಯೇ ಮಣಿಪಾಲದಿಂದ ಸೈಕಲಿನಲ್ಲೇ ಹಾರಿ ಬಂದ ಪ್ರಖ್ಯಾತ್. ಫಾದರರು ಕೊರಳಿಗೆ ನೇರಳೆ ಪಟ್ಟಿ ಹಾಕಿಕೊಂಡು, ಸಾಯುವವರ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಪುಟ್ಟ ಡಬ್ಬಿ ಹಿಡಿದು ಹಿತ್ತಿಲಿಗೇ ಬಂದರು. ಒಳಗೆ ಹೋಗುವ ಮೊದಲು ಮನೆಯ ಯಜಮಾನನಿಗೆ ಎರಡು ಸಮಾಧಾನದ ಮಾತು ಹೇಳುವುದು ಅವರ ಕ್ರಮ. ಪೀಟರನ ಕಣ್ಣು ಬಿದ್ದದ್ದು ಡಬ್ಬಿಯ ಮೇಲೆ. ಪಕ್ಕದಲ್ಲಿ ಪ್ರಖ್ಯಾತ್ ನಿಂತಿದ್ದಾನೆ. ತಜ್ಞತನ ತೋರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದುಂಟೆ?

"ಎಣ್ಣೆಯಾ ಫಾದರ್?" ಎಂದು ಪೀಟರ್ ನಕ್ಕ. "ಬೇಡವೇ ಬೇಡ! ಎಣ್ಣೆಯ ಕಾಲ ಹೋಯಿತು. ಎಣ್ಣೆ ಹಾಕಿದರೆ ಧೂಳು ಹಿಡಿಯುತ್ತದೆ, ಆಮೇಲೆ ಜೀವಮಾನವಿಡೀ ಕಿರಿಕಿರಿ. ಈಗೆಲ್ಲರೂ ಮೇಣವೇ. ಸೀದಾ ಮುಳುಗಿಸುವುದು!"

ಫಾದರ್ ಲೂಯಿಸರು ಡಬ್ಬಿಯನ್ನು ಎದೆಗೆ ಅವಚಿಕೊಂಡರು. ಹೆಂಗಸರ ಪೈಕಿ ಒಬ್ಬಳು ಕುರ್ಚಿಯ ಮೇಲೆ ಕುಸಿದಳು. ಭುಜಂಗನ ಕುರ್ಚಿಗಳಿಗೆ ಮೊದಲ ಉಪಯೋಗವಾಯಿತು.

"ಮುಳುಗಿಸುವುದಾ?" ಎಂದರು ಫಾದರರು. "ಪೀಟರ್, ನಿನ್ನ ಮೌಶಿ ಎಲ್ಲಿ?"

"ಮೌಶಿಯಾ? ಒಳಗೆ ಮಲಗಿದ್ದಾರೆ. ಅವರಿಗೆ ಎಂತ?"

ಉತ್ತರವನ್ನು ಮೌಶಿಯೇ ಕೊಟ್ಟಳು. ಕಾದು ಕಾದು ಸಾಕಾಗಿ, ಕೆಂಪು ಸೀರೆಯುಟ್ಟು, ವೈನಿನಿಂದ ಕೆನ್ನೆಯೂ ಕೆಂಪಾಗಿ, ಹಿತ್ತಿಲ ಬಾಗಿಲಲ್ಲಿ ಪ್ರತ್ಯಕ್ಷಳಾಗಿ, ಪೀಟರನನ್ನು ಚಿಕ್ಕಂದಿನ ಹೆಸರಿನಿಂದ ಕರೆದು, "ಹೇ ಪೆದ್ರು! ಸಾಯುವವಳು ಒಳಗೆ, ಪಾದ್ರಿ ಹೊರಗೆ! ನನ್ನ ಬತ್ತಿ ಎಲ್ಲಿ ಇಟ್ಟಿದ್ದೀ? ಕೈಗೆ ಕೊಡು, ಹೋಗಿಬಿಡುತ್ತೇನೆ" ಎಂದಳು.

ಇದೇ ಗಳಿಗೆಯಲ್ಲಿ ಮ್ಯಾಗ್ಡಲಿನ್ ಉಡುಪಿಯ ಬಸ್ಸಿನಿಂದ ಇಳಿದಳು. ಗೇಟಿನಲ್ಲಿ ಟೆಂಪೊ, ಅಂಗಳದಲ್ಲಿ ಕುರ್ಚಿ, ಪಾದ್ರಿಯ ಸ್ಕೂಟರ್. ಅವಳು ಬಟ್ಟೆಯ ಚೀಲಗಳನ್ನು ರಸ್ತೆಯಲ್ಲೇ ಎಸೆದು, "ಸಾಯ್ಬಾ ದೇವಾ! ನನ್ನ ಪೀಟರ್!" ಎಂದು ಕೂಗುತ್ತಾ ಓಡಿಬಂದಳು. ಪೀಟರ್ ಜೀವಂತ ನಿಂತದ್ದನ್ನು ಕಂಡಾಗ ಅವಳಿಗಾದ ಸಂತೋಷ ಬಂಗುಡೆಯ ಪಾತ್ರೆ ಕಣ್ಣಿಗೆ ಬೀಳುವವರೆಗೆ ಬಾಳಿತು.

"ಅದು ನನ್ನ ಪಾತ್ರೆ ಅಲ್ವಾ? ಅದರಲ್ಲಿ ಎಂತ ಅದು, ಬಿಳಿ?"

ಪೀಟರ್ ಬೆವರೊರೆಸಲು ಕಿಸೆಗೆ ಕೈಹಾಕಿ ಬಟ್ಟೆ ಎಳೆದ. ಹೊರಬಂದದ್ದು ನೀಲಿ ರಿಬ್ಬನ್.

ಮೌಶಿ ರಿಬ್ಬನನ್ನು ನೋಡಿದಳು. ಪಾತ್ರೆಯನ್ನು ನೋಡಿದಳು. ಅದರಿಂದ ಇಣುಕುತ್ತಿದ್ದ ಚೈನಿನ ತುದಿಯನ್ನು ನೋಡಿದಳು. "ಅಂದರೆ ನಾನು ಸಾಯುವುದಿಲ್ವಾ?" ಎಂದಳು. ಅವಳ ದನಿಯಲ್ಲಿದ್ದದ್ದು ಸಮಾಧಾನವಲ್ಲ.

ಪ್ರಖ್ಯಾತ್ ಒಳ್ಳೆಯ ಮನಸ್ಸಿನಿಂದಲೇ ಬಾಯಿ ಹಾಕಿದ. "ಆಂಟಿ, ಬೈಯಬೇಡಿ. ಅಂಕಲ್ ಇದರಲ್ಲಿ ಎಕ್ಸ್‌ಪರ್ಟ್. ಮೂರು ವರ್ಷದಿಂದ ಹೀಗೆಯೇ ಮಾಡುವುದಂತೆ."

"ಮೂರು ವರ್ಷ?" ಎಂದಳು ಮ್ಯಾಗ್ಡಲಿನ್.

"ಮೂರು ವರ್ಷ?" ಎಂದಳು ಮೌಶಿ. "ಮೂರು ವರ್ಷದಿಂದ ನನ್ನ ಬತ್ತಿ ಸೈಕಲಿಗೆ ಉಜ್ಜುವುದಾ? ಹೋದ ವರ್ಷ ನಮ್ಮ ತೆಂಗಿನಮರಕ್ಕೆ ಸಿಡಿಲು ಬಿದ್ದದ್ದು ಸುಮ್ಮನೆಯಾ ಹಾಗಾದರೆ!"

"ಮತ್ತೆ ನಾನು ಮೂರು ವರ್ಷದಿಂದ ಈ ಪಾತ್ರೆಯಲ್ಲಿ ಸಾರು ಮಾಡಿ ಬಡಿಸಿದ್ದು..." ಎಂದ ಮ್ಯಾಗ್ಡಲಿನಳ ಮಾತು ಪೂರ್ತಿಯಾಗಲಿಲ್ಲ. ಈ ಮನೆಯ ಬಂಗುಡೆ ಸಾರನ್ನು ಪ್ರತಿ ಹಬ್ಬಕ್ಕೂ ಉಂಡಿದ್ದ ಆಂಟನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಫಾದರ್ ಲೂಯಿಸರೂ ಉಂಡಿದ್ದರು.

ಪೀಟರ್ ಸುತ್ತ ನೋಡಿದ. ಒಂದು ಕಡೆ ತಜ್ಞನ ಪದವಿ, ಇನ್ನೊಂದು ಕಡೆ ಮೂರು ವರ್ಷದ ಮೇಣದಬತ್ತಿ, ಸಿಡಿಲು, ಸಾರು. ಪದವಿ ಉಳಿಸಿಕೊಂಡರೆ ಮನೆಯಲ್ಲಿ ಜಾಗವಿಲ್ಲ.

"ಮೂರು ವರ್ಷ ಅಲ್ಲ ಫಾದರ್" ಎಂದ, ನೆಲ ನೋಡುತ್ತಾ. "ಇವತ್ತು ಊಟ ಆದ ಮೇಲೆ."

"ಎಂತ?"

"ಮೇಣ ಶುರು ಮಾಡಿದ್ದು ಇವತ್ತು ಊಟ ಆದ ಮೇಲೆ. ಅದಕ್ಕಿಂತ ಮೊದಲು ತೆಂಗಿನೆಣ್ಣೆ. ಪ್ಯಾಂಟು ಕಪ್ಪಾದದ್ದು ನನ್ನ ಸೈಕಲಿನಿಂದಲೇ. ಮ್ಯಾಗ್ಡಲಿನಳಿಗೆ ಸೈಕಲೇ ಇಲ್ಲ."

ಸಾವಿನ ಮನೆಗೆಂದು ಬಂದವರು ಅಷ್ಟು ನಕ್ಕದ್ದು ಕಾಪುವಿನಲ್ಲಿ ಅದೇ ಮೊದಲು. ಅಕ್ಕು ಕಂಪೌಂಡಿನ ಗೋಡೆ ಹಿಡಿದುಕೊಂಡೇ ಕೂತಳು. ಮೌಶಿ ಮಾತ್ರ ನಗಲಿಲ್ಲ. ಉಟ್ಟ ಸೀರೆ ವ್ಯರ್ಥವಾಗಬಾರದೆಂದು ಫಾದರರಿಂದ ಆಶೀರ್ವಾದ ಮಾಡಿಸಿಕೊಂಡು, ಪೀಟರನಿಗೆ ಅಲ್ಲಿಯೇ ತೀರ್ಪು ಕೊಟ್ಟಳು: ನಾಳೆ ಅದೇ ಸೈಕಲಿನಲ್ಲಿ, ಅದೇ ಚೈನಿನಲ್ಲಿ, ಕಾರ್ಕಳದ ಅತ್ತೂರು ಇಗರ್ಜಿಗೆ ಹೋಗಿ ಹೊಸ ಬತ್ತಿ ತರಬೇಕು. "ಬರುವವರೆಗೆ ನಾನು ಸಾಯುವುದಿಲ್ಲ. ಅಡ್ಡಿ ಇಲ್ಲ, ನಿಧಾನ ಹೋಗು."

ಮರುದಿನದ ಸವಾರಿಯೇ ಈ ಕತೆಯ ಮೊದಲಲ್ಲಿ ಹೇಳಿದ್ದು. ಅದನ್ನು ಪೀಟರ್ ಸೋಮವಾರ ಬೆಳಿಗ್ಗೆ ತನ್ನ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ. ನಾಯಿಗಳ ಭಾಗ ಮುಗಿದಿತ್ತು. ಕೊಡೆಯ ಕಡ್ಡಿ ಸರಿಮಾಡಿಸಲು ಬಂದು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಮೌಶಿ ಆಗ ಕೆಮ್ಮಿದಳು.

"ಪೆದ್ರು, ಪ್ರಖ್ಯಾತ್ ಬಿಳಿ ಕರವಸ್ತ್ರದಿಂದ ಒರೆಸಿದನಲ್ಲ, ಅದು ಎಂತ ಬಣ್ಣ ಆಯಿತು?"

ಪೀಟರ್ ಒಂದು ಕೊಡೆ ಬಿಡಿಸಿ ಅದರ ಹಿಂದೆ ನಿಂತ. "ಕಪ್ಪು. ಮೊದಲು ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕಿತ್ತಂತೆ. ಅದು ವಿಡಿಯೊದ ಸುರುವಿಗೆ ಇತ್ತು. ನಾನು ಅಷ್ಟನ್ನು ದಾಟಿಸಿ ನೋಡಿದ್ದೆ."

"ಮತ್ತೆ ಶಿರ್ವದವರೆಗೆ ನಿನ್ನ ಹಿಂದೆ ಬಂದವರು ಯಾರು?"

"ಬೆಕ್ಕುಗಳು. ಚೈನಿಗೆ ಬಂಗುಡೆಯ ವಾಸನೆ ಇತ್ತು."

"ಬೆಕ್ಕುಗಳ ಹಿಂದೆ?"

"ನಾಯಿಗಳು" ಎಂದಿತು ಕೊಡೆ.

"ಅಂದರೆ ನಾಯಿಗಳು ಎದ್ದವು."

"ಹೋಗುವಾಗ ಎದ್ದವು" ಎಂದ ಪೀಟರ್, ಕೊಡೆಯ ಅಂಚಿನಿಂದ ಒಂದು ಕಣ್ಣು ಮಾತ್ರ ತೋರಿಸಿ. "ಆದರೆ ಬರುವಾಗ, ದೇವರಾಣೆ ಮೌಶಿ, ಒಂದೂ ಎದ್ದಿಲ್ಲ. ಸೈಕಲಿನಿಂದ ಒಂದು ಚೂರು ಸದ್ದಿಲ್ಲ."

ಮೌಶಿ ಸೆರಗಿನಿಂದ ಹೊಸ ಮೇಣದಬತ್ತಿಯನ್ನು ತೆಗೆದು, ನೀಲಿ ರಿಬ್ಬನ್ ಬಿಗಿಯಾಗಿದೆಯೇ ಎಂದು ನೋಡಿಕೊಂಡಳು. ಇನ್ನು ಅವಳು ಅದನ್ನು ಡ್ರಾವರಿನಲ್ಲಿ ಬಿಟ್ಟು ಎಲ್ಲಿಗೂ ಹೋಗುವವಳಲ್ಲ.

"ಹೌದು" ಎಂದಳು. "ಭುಜಂಗನ ಟೆಂಪೊದಲ್ಲಿ ಐವತ್ತು ಕುರ್ಚಿಗಳ ಮೇಲೆ ಮಲಗಿ ಬಂದ ಸೈಕಲ್ ಸದ್ದು ಮಾಡುವುದು ಹೇಗೆ?"